ಬೆಂಕಿ ಮುಟ್ಟದ ನಲವತ್ತು ದಿನ

ಅಪ್ಪನನ್ನು ನಾವು ಅಬಾ ಎನ್ನುತ್ತಿದ್ದೆವು, ಅಮ್ಮನನ್ನು ಎಮಾ. ಮಕ್ಕಳಾದ ಮೇಲೆ ಅವರಿಬ್ಬರೂ ಒಬ್ಬರನ್ನೊಬ್ಬರು ಹಾಗೇ ಕರೆದುಕೊಳ್ಳುತ್ತಿದ್ದರು. ಅಬಾನ ಹೆಸರು ವಿಕರ್ತ. ಪಶ್ಚಿಮ ಜಾವಾದ ಗಾಲುಂಗ್ಗುಂಗ್ ಬೆಟ್ಟದ ಕೆಳಗಿನ ನಮ್ಮ ಕೇರಿಯಲ್ಲಿ ಮನೆಗೊಬ್ಬ ಬಿದಿರು ಹೆಣೆಯುವವನಿದ್ದ. ಆದರೂ ಅನ್ನ ಬೇಯಿಸುವ ಬುಟ್ಟಿ ಮಾತ್ರ ವಿಕರ್ತನದೇ ಆಗಬೇಕೆಂದು ಸಂತೆಯಲ್ಲಿ ಹೆಂಗಸರು ಹಟ ಹಿಡಿಯುತ್ತಿದ್ದರು. ಕುದಿಯುವ ತಾಮ್ರದ ಪಾತ್ರೆಯ ಬಾಯಲ್ಲಿ ಕೂರಿಸುವ ಆ ಚೂಪು ತಳದ ಬುಟ್ಟಿಯನ್ನು ಅವನು ಎಷ್ಟು ಒತ್ತಾಗಿ ಹೆಣೆಯುತ್ತಿದ್ದನೆಂದರೆ, ಹಬೆ ಮಾತ್ರ ಒಳಗೆ ಬರಬೇಕು, ನುಚ್ಚೂ ಹೊರಗೆ ಬೀಳಬಾರದು. ಬಿದಿರಿನ ವಿಷಯ ಬಿಟ್ಟರೆ ಬೇರೆ ಯಾವುದರಲ್ಲೂ ಅವನಿಗೆ ಅಂಥ ಶಿಸ್ತಿರಲಿಲ್ಲ. ಊಟದಲ್ಲಂತೂ ಇರಲೇ ಇಲ್ಲ.

ಆಗ ತಾನೇ ಇಳಿಸಿ, ಮರದ ತೊಟ್ಟಿಗೆ ಸುರಿದು, ಬೀಸಣಿಗೆ ಬೀಸಿ ಹದಕ್ಕೆ ತಂದ ಅನ್ನ ಅವನಿಗೆ ಬೇಕು. ಪಕ್ಕದಲ್ಲಿ ಒಂದು ಹಿಡಿ ಹಸಿ ಸೊಪ್ಪು, ಎಳೆ ಬದನೆ, ಕಲ್ಲಲ್ಲಿ ಅರೆದ ಮೆಣಸಿನಕಾಯಿ ಚಟ್ನಿ, ಕೆಂಡದಲ್ಲಿ ಸುಟ್ಟ ಉಪ್ಪುಮೀನು. ಮೊದಲ ಗುಡ್ಡೆ ಮುಗಿಯುವ ಮುಂಚೆಯೇ ಎಮಾ ಮರದ ಸೌಟಿನಲ್ಲಿ ಇನ್ನೊಂದು ಗುಡ್ಡೆ ಹಾಕುತ್ತಿದ್ದಳು, ಅದು ಕರಗುವ ಮುಂಚೆ ಮತ್ತೊಂದು. ಅಬಾ ಬೇಡ ಎಂದದ್ದನ್ನು ನಾನು ಕೇಳಿಯೇ ಇಲ್ಲ. ಸೌಟು ನಿಂತಾಗ ಅವನ ಊಟವೂ ನಿಲ್ಲುತ್ತಿತ್ತು, ಅಷ್ಟೆ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಲವಂಗದ ಸಿಗರೇಟು ಹಚ್ಚಿ, ಇವತ್ತೂ ಬದುಕಿಕೊಂಡೆ ಎನ್ನುತ್ತಿದ್ದ. ಅವನು ಹೋಗಿ ಹದಿನೇಳು ವರ್ಷವಾಯಿತು. ಬಸ್ಸಿನಲ್ಲಿ ಯಾರೋ ಲವಂಗದ ಸಿಗರೇಟು ಸೇದಿದರೆ ಪಕ್ಕದ ಹೆಂಗಸರು ಮೂಗು ಮುಚ್ಚಿಕೊಳ್ಳುತ್ತಾರೆ, ನಾನು ಮಾತ್ರ ಇನ್ನೂ ಸ್ವಲ್ಪ ಹತ್ತಿರ ಸರಿಯುತ್ತೇನೆ.

ನಮ್ಮ ಕಡೆ ಅನ್ನ ಹೊಟ್ಟೆಗೆ ಹೋಗದಿದ್ದರೆ ಏನು ತಿಂದರೂ ತಿಂದಂತಲ್ಲ. ನಾಲ್ಕು ಗೆಣಸು, ಒಂದು ಚಿಪ್ಪು ಬಾಳೆಹಣ್ಣು ಮುಗಿಸಿದವನನ್ನು ಊಟ ಆಯ್ತಾ ಎಂದು ಕೇಳಿ ನೋಡಿ, ಇನ್ನೂ ಇಲ್ಲ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅಂಥ ಊರಲ್ಲಿ, ಅಂಥ ಉಣ್ಣುವ ಗಂಡಸು, ನನ್ನಿಂದಾಗಿ ನಲವತ್ತು ದಿನ ಅನ್ನ ಬಿಟ್ಟ.

ಎಪ್ಪತ್ತೆಂಟನೇ ಇಸವಿಯಲ್ಲಿ ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ಎರಡು ದಿನ ಬೇನೆ ತಿಂದೆ. ಪೇಟೆಯ ಆಸ್ಪತ್ರೆಯ ದಾರಿಗೆ ಅಡ್ಡ ಹೊಳೆ ಉಕ್ಕಿತ್ತು. ಎರಡನೇ ದಿನ ಮಧ್ಯಾಹ್ನ ಸೂಲಗಿತ್ತಿ ಮಾ ಇರೋತ್ ಹೊರಗೆ ಬಂದು, ಕೈಲಾದದ್ದು ಮಾಡಿದ್ದೇನೆ, ಇನ್ನು ಮೇಲಿನವನು ಉಂಟು ಎಂದಳಂತೆ. ಇಂಥ ಹೊತ್ತಿನಲ್ಲಿ ನಮ್ಮವರು ಆಡಿನ ಹರಕೆ ಹೊರುತ್ತಾರೆ. ಆಡಿನ ಹರಕೆ ಹೊರಲು ಮನೆಯಲ್ಲಿ ಆಡಿರಬೇಕು. ಅಬಾ ಅಂಗಳದಲ್ಲಿ ನಿಂತು, ಮಸೀದಿಯಲ್ಲಿ ನಮಾಜು ನಡೆಸುವ ಲೆಬೆ ಮತ್ತು ನೆರೆಹೊರೆಯ ಹತ್ತು ಜನರ ಎದುರು ತನ್ನ ಹತ್ತಿರ ಇದ್ದದ್ದನ್ನೇ ಕೊಟ್ಟ.

"ತಾಯಿ ಮಗು ಎರಡೂ ಉಳಿದ್ರೆ, ನಲ್ವತ್ತು ದಿನ ಬೆಂಕಿ ಮುಟ್ಟಿದ್ದು ಯಾವ್ದೂ ನನ್ನ ಬಾಯಿಗೆ ಹೋಗಲ್ಲ."

ಸಂಜೆಯೊಳಗೆ ಮಗಳು ಹುಟ್ಟಿದಳು. ನಾನೂ ಉಳಿದೆ.

ಮರುದಿನ ಲೆಬೆ ಬಂದು ಮೆತ್ತಗೆ ಬೈದರು. ದೇವರು ಯಾರ ಮೈಯನ್ನೂ ದಂಡಿಸು ಎನ್ನುವುದಿಲ್ಲ, ಮೂರು ದಿನ ಉಪವಾಸ ಇದ್ದಿದ್ದರೆ ಸಾಕಿತ್ತು ಎಂದರು. ಅಬಾ ಅದಕ್ಕೆ, ಉಪವಾಸಕ್ಕೆ ಸಂಜೆ ಅಂತ ಒಂದಿದೆ, ಸಂಜೆಗೆ ಅನ್ನ ಇದೆ, ಅದರಲ್ಲಿ ನಾನು ಕೊಟ್ಟಿದ್ದೇನು ಎಂದ. ಮಾತು ಮುರಿದರೆ ಉಳಿಸಿಕೊಟ್ಟ ಜೀವವನ್ನು ಮೇಲಿನವನು ವಾಪಸ್ಸು ಕೇಳುತ್ತಾನೆ ಎಂಬ ಭಯ ಅವನಿಗೆ. ಬಾಯಿಬಿಟ್ಟು ಹೇಳಲಿಲ್ಲ. ಆದರೆ ದಿನಾ ಬೆಳಿಗ್ಗೆ ಎದ್ದವನೇ ಮಗುವಿನ ಎದೆಯ ಮೇಲೆ ಎರಡು ಬೆರಳಿಟ್ಟು ಉಸಿರು ನೋಡಿ, ಆಮೇಲೆ ಮುಖ ತೊಳೆಯಲು ಹೋಗುತ್ತಿದ್ದ.

ಎಮಾಳಿಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ.

"ಇಪ್ಪತ್ತೆರಡು ವರ್ಷದಿಂದ ಈ ಒಲೆ ಊದ್ತಾ ಇದೀನಿ," ಎಂದಳು. "ಬಿಡೋಕೆ ನಿಮಗೆ ಪ್ರಪಂಚದಲ್ಲಿ ಇನ್ನೇನೂ ಸಿಗ್ಲಿಲ್ವಾ? ನನ್ನ ಬೆಂಕಿನೇ ಬೇಕಾಗಿತ್ತಾ?"

ಎಮಾ ತನ್ನ ಹಟ ತಾನು ಹಿಡಿದಳು. ದಿನಾ ಹಾಕುವ ಎರಡು ಕರಟ ಅಕ್ಕಿಯಲ್ಲಿ ಒಂದು ಹಿಡಿಯನ್ನೂ ಕಡಿಮೆ ಮಾಡಲಿಲ್ಲ. ಅಬಾ ಉಣ್ಣದ ಮೇಲೆ ಇಷ್ಟು ಯಾಕೆ ಎಂದು ನಾನು ಕೇಳಿದ್ದಕ್ಕೆ, ಗಂಡಸು ಸತ್ತ ಮನೆಯಲ್ಲಿ ಮಾತ್ರ ಅಳತೆ ಇಳಿಸುತ್ತಾರೆ, ನಿಮ್ಮಪ್ಪ ಸತ್ತಿಲ್ಲ, ಹುಚ್ಚು ಹಿಡಿದಿದೆ ಎಂದಳು. ಉಳಿದ ಅನ್ನ ಕೋಳಿಗಳಿಗೆ ಹೋಯಿತು. ಆ ವಾರ ನಮ್ಮ ಕೋಳಿಗಳಷ್ಟು ಸುಖವಾಗಿ ಕೇರಿಯಲ್ಲಿ ಯಾರೂ ಇರಲಿಲ್ಲ.

ಬೆಂಕಿ ಯಾವುದಕ್ಕೆ ಮುಟ್ಟಿದೆ, ಯಾವುದಕ್ಕೆ ಮುಟ್ಟಿಲ್ಲ ಎಂಬುದು ಮಸೀದಿಯ ಜಗಲಿಯಲ್ಲಿ ದೊಡ್ಡ ಚರ್ಚೆಯಾಯಿತು. ಟೀ, ಕಾಫಿ ಹೋಯಿತು. ತಾಳೆ ಬೆಲ್ಲ ಹೋಯಿತು, ಅದು ಅರ್ಧ ದಿನ ಕುದಿದದ್ದು. ಉಪ್ಪು ಉಳಿಯಿತು, ಯಾಕೆಂದರೆ ಸೂರ್ಯ ಒಲೆಯಲ್ಲ. ಸಿಗರೇಟಿನ ವಿಷಯ ಬಂದಾಗ ನಮ್ಮ ಸೋದರಮಾವ ಮಾಂಗ್ ಅತಂಗ್, ಸಿಗರೇಟನ್ನು ಯಾರೂ ತಿನ್ನುವುದಿಲ್ಲ, ಸೇದುತ್ತಾರೆ, ಆದ್ದರಿಂದ ಅದು ಹರಕೆಗೆ ಸೇರುವುದಿಲ್ಲ ಎಂದು ವಾದಿಸಿದ. ಜಗಲಿಯಲ್ಲಿದ್ದವರೆಲ್ಲ ಒಪ್ಪಿದರು. ಅಬಾ ಒಪ್ಪಲಿಲ್ಲ. ತಿನ್ನಲ್ಲ ಅಂತ ನಾನು ಹೇಳಲಿಲ್ಲ, ಬಾಯಿಗೆ ಹೋಗಲ್ಲ ಅಂದೆ, ಸಿಗರೇಟು ಬಾಯಿಗಲ್ಲದೆ ಮೂಗಿಗೆ ಇಡುತ್ತಾರಾ ಎಂದು ಪೊಟ್ಟಣವನ್ನು ಅತಂಗನ ಜೇಬಿಗೇ ಹಾಕಿದ.

ಹಸಿ ಸೊಪ್ಪು ನಮಗೇನೂ ಹೊಸದಲ್ಲ. ಬೇಲಿಯಲ್ಲಿ ಚಿಗುರಿದ್ದೆಲ್ಲ ನಮ್ಮ ತಟ್ಟೆಗೆ ಬರುತ್ತದೆ. ಬೇಲಿ ಕಟ್ಟಿದರೆ ದನ ಬರುವುದಿಲ್ಲ, ಅದನ್ನು ಮೇಯಲು ಇವರು ಬರುತ್ತಾರೆ ಎಂದು ಪೂರ್ವದ ಜಾವಾದವರು ನಮ್ಮನ್ನು ಹಾಸ್ಯ ಮಾಡುತ್ತಾರೆ. ಆದರೆ ಅದೆಲ್ಲ ಅನ್ನದ ಜೊತೆಗೆ. ಅನ್ನವನ್ನೇ ತೆಗೆದುಬಿಟ್ಟರೆ ಉಳಿದದ್ದು ಏನು ಎಂದು ಯಾರೂ ಯೋಚಿಸಿರಲಿಲ್ಲ. ಮೊದಲ ವಾರ ಅಬಾ ಒಂದು ಇಡೀ ಪರಂಗಿಹಣ್ಣು, ಎರಡು ಸೌತೆಕಾಯಿ, ಬುಟ್ಟಿ ತುಂಬ ಒಂದೆಲಗ ಮತ್ತು ಹಸಿ ಅಲಸಂದೆ ತಿನ್ನುತ್ತಿದ್ದ. ಹೊಟ್ಟೆ ಡೋಲಿನ ಹಾಗೆ ಬಿಗಿಯುತ್ತಿತ್ತು. ಎರಡು ಗಂಟೆ ಕಳೆದರೆ ಒಳಗೆ ಮತ್ತೆ ಖಾಲಿ. ಹಸಿ ಗೆಣಸು ತಿಂದ ದಿನ ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಉರುಳಿದ. ಅಗಿದು ಅಗಿದು ದವಡೆ ನೋಯುತ್ತಿತ್ತು, ಮಧ್ಯಾಹ್ನಕ್ಕೆ ತಲೆ ಸಿಡಿಯುತ್ತಿತ್ತು. ಬಿದಿರು ಸೀಳುವಾಗ ಹೆಬ್ಬೆರಳು ಕುಯ್ದುಕೊಂಡ. ನಾನು ಮಾತ್ರ ಬಾಣಂತಿ, ಒಲೆಯ ಪಕ್ಕ ಬೆಚ್ಚಗೆ ಕೂತು ಬಿಸಿ ಅನ್ನ, ಬಿಸಿ ಸಾರು ಉಣ್ಣುತ್ತಿದ್ದೆ. ಅವನು ಎದುರಿಗಿದ್ದಾಗ ನನಗೆ ಮುಖ ಎತ್ತಲು ಆಗುತ್ತಿರಲಿಲ್ಲ.

ಇದರ ಮೇಲೆ ಊರಿನವರ ಉಪಚಾರ. ದಾರಿಯಲ್ಲಿ ಹೋಗುವವರು ಬರುವವರೆಲ್ಲ ರೂಢಿಯಂತೆ, ಊಟ ಆಯ್ತಾ ಎನ್ನುತ್ತಿದ್ದರು. ಅಬಾ ರೂಢಿಯಂತೆ, ಇನ್ನೂ ಇಲ್ಲ ಎನ್ನುತ್ತಿದ್ದ. ಬೆಳಿಗ್ಗೆಯೂ ಇಲ್ಲ, ಸಂಜೆಯೂ ಇಲ್ಲ, ನಾಳೆಯೂ ಇಲ್ಲ. ಹರಕೆಯ ವಿಷಯ ಗೊತ್ತಿದ್ದವರು ನಕ್ಕರು. ಗೊತ್ತಿಲ್ಲದ ಮೇಲಿನ ಕೇರಿಯವರು, ವಿಕರ್ತನ ಹೆಂಡತಿ ಗಂಡನಿಗೆ ಅನ್ನ ಹಾಕುತ್ತಿಲ್ಲ ಎಂದು ನೀರಿನ ಕಟ್ಟೆಯಲ್ಲಿ ಆಡಿಕೊಂಡರು. ಒಂದು ದಿನ ಅಲ್ಲಿಂದ ಒಬ್ಬ ಮುದುಕಿ ಬಾಳೆಲೆ ಮುಚ್ಚಿದ ತಟ್ಟೆ ಹಿಡಿದು ಬಂದು, ಎಮಾಳನ್ನು ದಾಟಿ ಒಳಗೆ ಹೋಗಿ, ಉಣ್ಣಪ್ಪ ಎಂದು ಅಬಾನ ಎದುರು ಅನ್ನ ಇಟ್ಟಳು. ಎಮಾ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖವನ್ನು ಆ ಹೊತ್ತು ನೋಡಬಾರದಿತ್ತು.

ಮುದುಕಿ ಹೋದ ಮೇಲೆ ಎಮಾ, "ಇನ್ಮೇಲೆ ಯಾರು ಕೇಳಿದ್ರೂ ಆಯ್ತು ಅನ್ನಿ," ಎಂದಳು.

"ಅನ್ನ ಹೋಗಿಲ್ವಲ್ಲ ಎಮಾ. ಮಗು ಮೇಲೆ ಹರಕೆ ಇಟ್ಕೊಂಡು ಸುಳ್ಳು ಹೇಳ್ಲಾ?"

ಅವಳು ನಾಲ್ಕು ದಿನ ಅವನ ಹತ್ತಿರ ಮಾತು ಬಿಟ್ಟಳು.

ಹನ್ನೆರಡನೇ ದಿನ ಎಂದು ನೆನಪು. ಎಮಾ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದಳು, ನಾನು ಮಗುವಿಗೆ ಹಾಲೂಡಿಸುತ್ತಿದ್ದೆ. ಅಬಾ ಒಳಗೆ ಬಂದು ಅನ್ನದ ತೊಟ್ಟಿಯ ಮುಚ್ಚಳ ತೆಗೆದ. ಹಬೆ ಅವನ ಮುಖಕ್ಕೆ ಹೊಡೆಯಿತು. ಕೈ ಇಳಿಯಿತು, ಬೆರಳು ಅನ್ನಕ್ಕೆ ತಾಗಿತು ಎಂದೇ ನಾನು ಅಂದುಕೊಂಡೆ. ನಾನು ಮಗುವನ್ನು ಬಿಗಿಯಾಗಿ ಹಿಡಿದುಕೊಂಡೆ, ಅವನನ್ನು ತಡೆಯುವ ಬುದ್ಧಿ ಮಾತ್ರ ಬರಲಿಲ್ಲ. ಅವನೇ ನಿಂತ.

"ಎನೋಕ್," ಎಂದ. ಮುದ್ದು ಬಂದಾಗಲೂ ಹೆದರಿದಾಗಲೂ ಅವನು ನನ್ನನ್ನು ಕರೆಯುತ್ತಿದ್ದದ್ದು ಹಾಗೇ. "ಈಗ ತಾನೇ ಒಂದು ತೆಂಗಿನಕಾಯಿ ಮುಗಿಸಿದೀನಿ. ಹೊಟ್ಟೇಲಿ ಜಾಗ ಇಲ್ಲ. ಮತ್ತೆ ಇಲ್ಲಿಗೆ ಕರ್ಕೊಂಡ್ ಬಂದಿದ್ಯಾರು?"

ಮೂಗು ಎಂದೆ ನಾನು. ಅವನು, ಹೌದು, ಮೂಗೇ, ಹೊಟ್ಟೆಯಲ್ಲ ಎಂದು ಮುಚ್ಚಳ ಹಾಕಿ ಹೊರಗೆ ಹೋದ.

ಅಲ್ಲಿಂದ ಅವನು ತನ್ನ ಹೊಟ್ಟೆಯನ್ನು ಬಿದಿರನ್ನು ನೋಡುವ ಹಾಗೆ ನೋಡತೊಡಗಿದ. ಯಾವ ಬಿದಿರು ಎಲ್ಲಿ ಸೀಳುತ್ತದೆ ಎಂದು ತಾಳ್ಮೆಯಿಂದ ಹುಡುಕುವ ಮನುಷ್ಯ ಅವನು. ಬರೀ ಸೊಪ್ಪು ತಿಂದರೆ ಹೊಟ್ಟೆ ತುಂಬುತ್ತದೆ, ನಿಲ್ಲುವುದಿಲ್ಲ. ಎಳನೀರಿನ ಗಂಜಿ, ಬಲಿತ ಕೊಬ್ಬರಿ, ಬೆಣ್ಣೆಹಣ್ಣು ಸ್ವಲ್ಪವೇ ತಿಂದರೂ ನಿಲ್ಲುತ್ತವೆ. ಒಂದೇ ಸಲ ತುರುಕಿದರೆ ಭಾರ, ಐದು ಸಲ ತಿಂದರೆ ಹಗುರ. ತಲೆ ಸಿಡಿಯುವುದು ಹಸಿವಿಗಲ್ಲ, ಕಾಫಿ ಸಿಗರೇಟು ಇಲ್ಲದ್ದಕ್ಕೆ. ಮಧ್ಯಾಹ್ನ ಹನ್ನೆರಡಕ್ಕೆ ಬರುವುದು ಹಸಿವಲ್ಲ, ಅಭ್ಯಾಸ. ನಿಜವಾದ ಹಸಿವು ಹೇಳದೆ ಕೇಳದೆ ಬರುತ್ತದೆ, ಅದಕ್ಕೆ ಸೌತೆಕಾಯಿಯೂ ರುಚಿ. ಇವೆಲ್ಲವನ್ನೂ ಅವನು ಬುಟ್ಟಿ ಹೆಣೆಯುತ್ತ ನನಗೆ ಹೇಳುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಅವನ ಜೊತೆ ಅಷ್ಟು ಮಾತಾಡಿದ್ದು ನನಗೆ ನೆನಪಿಲ್ಲ. ಆ ಮಧ್ಯಾಹ್ನಗಳು ಈಗಲೂ ಬೇಕೆನಿಸುತ್ತವೆ: ಜೋಲಿಯಲ್ಲಿ ಮಗು, ಹಸಿ ಬಿದಿರಿನ ವಾಸನೆ, ಮಾತಿನ ಮಧ್ಯೆ ಕರಕರ ಎಂದು ಅವನು ಏನನ್ನೋ ಅಗಿಯುತ್ತಿದ್ದ ಸದ್ದು.

ಒಂದು ದಿನ ಮಾಂಗ್ ಅತಂಗ್ ಬಂದು ಅವನ ಮುಂದಿನ ಸೊಪ್ಪಿನ ರಾಶಿ ನೋಡಿ, "ಆಡು ಕೊಡಕ್ಕಾಗ್ದೆ ಭಾವ ತಾನೇ ಆಡಾಗ್ಬಿಟ್ಟ," ಎಂದ. ಅಬಾ ಅಗಿಯುವುದನ್ನು ನಿಲ್ಲಿಸದೆ ಮ್ಯಾ ಎಂದ. ಒಳಗೆ ಎಮಾ ನಕ್ಕದ್ದು ಕೇಳಿಸಿತು. ಮಾತು ಬಿಟ್ಟದ್ದು ಅಲ್ಲಿಗೆ ಮುಗಿಯಿತು.

ಮೂರನೇ ವಾರದ ಕೊನೆಗೆ ಇನ್ನೊಂದಾಯಿತು. ಪರಂಗಿಹಣ್ಣು ತಿನ್ನುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿ ಕೆಳಗಿಟ್ಟ.

"ಸಾಕು," ಎಂದ. ಹಾಗಂದವರು ಯಾರು ಎಂದು ಆಚೀಚೆ ನೋಡುವವನ ಹಾಗೆ ನನ್ನನ್ನು ನೋಡಿದ.

ಚೆನ್ನಾಗಿಲ್ವಾ ಅಬಾ ಎಂದು ಕೇಳಿದೆ.

"ಚೆನ್ನಾಗಿದೆ. ಸಾಕಾಯ್ತು ಅಷ್ಟೆ. ಹೊಟ್ಟೆ ಹೇಳೋದು ಬಲು ಮೆಲ್ಲಗೆ ಎನೋಕ್. ಒಂದೇ ಸಲ ಹೇಳುತ್ತೆ. ಬಿಸಿ ಅನ್ನದ ಗಲಾಟೇಲಿ ಇಷ್ಟು ವರ್ಷ ನಂಗೆ ಕೇಳೇ ಇರ್ಲಿಲ್ಲ."

ಆ ಸಂಜೆ ಮೇಲಿನ ಕೇರಿಯ ಮುದುಕಿ ದಾರಿಯಲ್ಲಿ ಹೋಗುತ್ತ ಊಟ ಆಯ್ತಾ ಎಂದು ಕೇಳಿದಳು. ಆಯಿತು ಎಂದ ಅಬಾ. ಸುಳ್ಳು ಹೇಳಿದಂತೆ ಅವನಿಗೆ ಅನ್ನಿಸಲಿಲ್ಲ. ಎಮಾ ಸೌದೆ ಇಳಿಸುತ್ತಿದ್ದವಳು ತಲೆ ಎತ್ತಿ ಅವನನ್ನು ನೋಡಿ ಒಳಗೆ ಹೋದಳು.

ಈಗ ಎಮಾಳ ವಿಷಯ ಹೇಳಬೇಕು. ನಾವು ಮಕ್ಕಳಾಗಿದ್ದಾಗ ಅಬಾನ ಜೊತೆ ಉಂಡು ಎದ್ದು ಆಡಲು ಓಡಿಬಿಡುತ್ತಿದ್ದೆವು. ಅವಳು ಯಾವಾಗ ಉಂಡಳು, ಏನು ಉಂಡಳು ಎಂದು ನಾನಾಗಲಿ ನನ್ನ ಇಬ್ಬರು ತಮ್ಮಂದಿರಾಗಲಿ ನೋಡಿದವರಲ್ಲ. ಬಾಣಂತನದಲ್ಲಿ ಒಲೆ ಬಿಟ್ಟು ಅಲ್ಲಾಡುವ ಹಾಗಿರಲಿಲ್ಲವಾದ್ದರಿಂದ ಆಗ ನೋಡಿದೆ. ನಮ್ಮದೆಲ್ಲ ಆದ ಮೇಲೆ ಅವಳು ಒಲೆಯ ಹಿಂದೆ, ನಮಗೆ ಬೆನ್ನು ಹಾಕಿ ಕೂರುತ್ತಿದ್ದಳು. ಮೊದಮೊದಲು ಒಂದು ಹಿಡಿ ಉಂಡು ಉಳಿದದ್ದನ್ನು ಕೋಳಿಗೆ ಚೆಲ್ಲುತ್ತಿದ್ದಳು. ಎರಡನೇ ವಾರ ಕೋಳಿಗಳು ಬಾಗಿಲಲ್ಲಿ ಕಾದು ಕಾದು ವಾಪಸ್ಸು ಹೋದವು. ಒಂದು ಗುಡ್ಡೆ ಉಂಡಳು. ಮುಂದಿನ ವಾರ ಎರಡು. ತುಟಿಯ ಅಂಚಿನಲ್ಲಿ ಯಾವಾಗಲೂ ಒಡೆದಿರುತ್ತಿದ್ದ ಚರ್ಮ ಮಾಯಿತು. ರವಿಕೆಯ ತೋಳು ಬಿಗಿಯಾಯಿತು. ಭತ್ತ ಕುಟ್ಟುವಾಗ ನಡುನಡುವೆ ಕೂತು ಸುಧಾರಿಸಿಕೊಳ್ಳುತ್ತಿದ್ದವಳು ಒಂದೇ ಉಸಿರಿಗೆ ಕುಟ್ಟಿ, ಜೊತೆಗೆ ಹಾಡನ್ನೂ ಗುನುಗಿದಳು. ಎಮಾ ದಪ್ಪ ಆಗುತ್ತಿದ್ದೀಯ ಎಂದು ನಾನು ಒಂದು ಸಲ ನಗೆಯಾಡಿದೆ. ಅವಳು ಕದ್ದು ಸಿಕ್ಕಿಬಿದ್ದವಳ ಹಾಗೆ ತಟ್ಟೆ ಕೆಳಗಿಟ್ಟುಬಿಟ್ಟಳು. ಅಬಾನ ಮೇಲಿನ ಸಿಟ್ಟಿಗೆ ತಿನ್ನುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ. ತಾಯಿಯಾದ ಮೇಲೂ ನನಗೆ ಅಷ್ಟೇ ಬುದ್ಧಿ.

ನಲವತ್ತು ದಿನ ತುಂಬಿತು. ಮಗು ಉಳಿಯಿತು, ಮಾತೂ ಉಳಿಯಿತು. ನಲವತ್ತೊಂದನೇ ಬೆಳಿಗ್ಗೆ ಅಬಾ ಮಗುವಿನ ಎದೆ ಮುಟ್ಟಿ ನೋಡಿ, ಸ್ನಾನ ಮಾಡಿ, ನಮಾಜು ಮುಗಿಸಿ ಬಂದು ಚಾಪೆಯ ಮೇಲೆ ಕೂತ. ಎಮಾ ಹೊಸ ಅಕ್ಕಿಯನ್ನು ಅದೇ ಎರಡು ಕರಟ ಅಳೆದು ಬೇಯಿಸಿದ್ದಳು. ನಾನೂ ತಮ್ಮಂದಿರೂ ತಟ್ಟೆ ಹಿಡಿದು ಕೂತೆವು. ಮೊದಲ ತುತ್ತು ಬಾಯಿಗಿಟ್ಟು ಅಬಾ ಕಣ್ಣು ಮುಚ್ಚಿದ. ಕಣ್ಣಲ್ಲಿ ನೀರು ಬಂತು. ಅವನು ನಿಧಾನವಾಗಿ, ಒಂದೊಂದು ಅಗುಳನ್ನೂ ಅಗಿದು ಗುಡ್ಡೆ ಮುಗಿಸಿದ. ನಮ್ಮ ತಟ್ಟೆಗಳಿಗೆ ಎರಡನೆಯದನ್ನು ಹಾಕಿ ಎಮಾಳ ಸೌಟು ಅವನ ತಟ್ಟೆಗೆ ಬಂತು. ಅವನು ತಟ್ಟೆಯ ಮೇಲೆ ಅಂಗೈ ಅಡ್ಡ ಇಟ್ಟ.

"ಸಾಕು ಎಮಾ."

ಸೌಟು ಅಲ್ಲೇ ನಿಂತಿತು. ಎಮಾಳ ಮುಖ ಇಳಿಯಿತು. ನಲವತ್ತು ದಿನ ಕಾದದ್ದು ಅವಳೂ ಹೌದಲ್ಲ. "ಅನ್ನ ಚೆನ್ನಾಗಿಲ್ವಾ?" ಎಂದಳು.

"ಇಷ್ಟು ಚೆನ್ನಾಗಿರೋ ಅನ್ನ ಹುಟ್ಟಿದಾಗಿಂದ ತಿಂದಿಲ್ಲ. ತುಂಬ್ತು."

ಹಾಗೆಂದು ಅವನು ಕಣ್ಣು ತೊಟ್ಟಿಯ ಕಡೆ ಹಾಯಿಸಿದ. ಅಲ್ಲಿ ಇನ್ನೂ ಅನ್ನ ಇತ್ತು. ನೋಡುತ್ತಲೇ ಇದ್ದ. ಆಮೇಲೆ ಎಮಾಳ ತೋಳನ್ನು, ಕೆನ್ನೆಯನ್ನು ನೋಡಿದ. ಅವನು ಅವಳನ್ನು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ.

"ನಾನು ಮೂರು ಗುಡ್ಡೆ ಹಾಕಿಸ್ಕೊಂಡು, ಇವರೆಲ್ಲ ತಿಂದು ಎದ್ದ ಮೇಲೆ," ಎಂದ, "ಮುಂಚೆ ನಿಂಗೆ ಎಷ್ಟು ಉಳೀತಿತ್ತು?"

ಎಮಾ ಸೌಟಿನ ಅನ್ನವನ್ನು ತೊಟ್ಟಿಗೆ ವಾಪಸ್ಸು ಹಾಕಿ, ಅಂಚು ಒರೆಸಿದಳು. ಹೇಳುವುದಿಲ್ಲ ಎಂದುಕೊಂಡೆ. ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಬುಟ್ಟಿಗೆ ಅಂಟಿರೋದು. ನಿಮ್ಮ ಹೆಣಿಗೆ ಬಿಗಿ ಅಲ್ವಾ, ಬಹಳ ಅಂಟ್ತಿರ್ಲಿಲ್ಲ."

ಅಬಾನ ಅಂಗೈ ತಟ್ಟೆಯ ಮೇಲೆ ಹಾಗೇ ಇತ್ತು. "ಹೇಳ್ಬಾರ್ದಿತ್ತಾ?" ಎಂದ.

"ನಂಗೇ ಗೊತ್ತಿರ್ಲಿಲ್ಲ. ನನ್ನ ಮೈ ಇರೋದೇ ಹಂಗೆ ಅಂದ್ಕೊಂಡಿದ್ದೆ. ಅದು ಹಸಿವು ಅಂತ ಈ ನಲ್ವತ್ತು ದಿನದಲ್ಲಿ ಗೊತ್ತಾಯ್ತು."

ನನ್ನ ತಟ್ಟೆಯಲ್ಲಿ ಎರಡನೇ ಗುಡ್ಡೆ ಹಬೆಯಾಡುತ್ತಿತ್ತು. ಹಾಲೂಡಿಸುವವಳು, ನನ್ನನ್ನು ಯಾರೂ ಏನೂ ಅನ್ನುವಂತಿರಲಿಲ್ಲ. ಆದರೆ ಇಪ್ಪತ್ತು ವರ್ಷ ನಾನೂ ಎರಡನೇ ಸಲ ಹಾಕಿಸಿಕೊಂಡವಳೇ. ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟೆ. ತಮ್ಮಂದಿರಿಬ್ಬರೂ ತಲೆ ತಗ್ಗಿಸಿದ್ದರು. ಅಬಾ ತಟ್ಟೆಯ ಮೇಲಿನ ಕೈ ತೆಗೆದು ಮುಖ ಮುಚ್ಚಿಕೊಂಡ.

ಎಮಾಳೇ, "ತಿನ್ರೋ, ಆರಿಹೋಗುತ್ತೆ," ಎಂದಳು. ಹಾಗೆಂದು ತನ್ನ ತಟ್ಟೆಗೆ ಒಂದು ಗುಡ್ಡೆ ಹಾಕಿಕೊಂಡು, ಸ್ವಲ್ಪ ಯೋಚಿಸಿ ಇನ್ನೊಂದು ಸೌಟು ಹಾಕಿಕೊಂಡು, ಒಲೆಯ ಹಿಂದಕ್ಕೆ ಹೋಗದೆ ಅಲ್ಲೇ ನಮ್ಮೆದುರಿಗೆ ಕೂತು ಉಂಡಳು.